ಮೂರನೇ ನಂಬರ್ ಕಂಪ್ಯೂಟರಿಗೆ ಆಯುಧಪೂಜೆ

ಎರಡು ನಿಮಿಷ ಅಂತ ನಾನಂದಿದ್ದು ನಿಜ. ಈಗ ಇಲ್ಲ ಅನ್ನಕಾಗಕಿಲ್ಲ. ಅಂದಾಗ ದೊಡ್ಡವ್ವ ಎದುರಿಗಿದ್ಲು, ದೊಡ್ಡಪ್ಪ ಪಕ್ಕದಲ್ಲಿ ಕುಂತಿದ್ದ, ಅಕ್ಕ ಸಾರು ಬುಡ್ತಾ ಇದ್ಲು, ಅಟ್ಟದ ಮ್ಯಾಲೆ ಬೆಕ್ಕೂ ಕೇಳಿಸ್ಕತಿತ್ತು. ಅಷ್ಟು ಸಾಕ್ಷಿ ಇಟ್ಕಂಡು ಯಾರೂ ಸುಳ್ಳೇಳಬಾರದು. ನಾನು ಯೋಳ್ದೆ.

"ಎರಡೇ ನಿಮಿಷದ ಕೆಲ್ಸ ಕಣಕ್ಕ. ನೀನು ಆ ಸೌಟು ತೊಳ್ದಿಕ್ಕೋದ್ರೊಳಗೆ ಮಾಡಿ ಬಿಸಾಕ್ತೀನಿ."

"ಸೌಟು ತೊಳ್ಯಕೆ ಅರ್ಧ ನಿಮಿಷ ಸಾಕು ಕಣ್ಲಾ" ಅಂದ್ಲು ಅಕ್ಕ.

"ಅಂಗಾದ್ರೆ ನಾಕು ಸಲ ತೊಳಿ."

ಬಾಯಲ್ಲಿ ಮುದ್ದೆ ಇದ್ದಾಗ ನಂಗೆ ಧೈರ್ಯ ಜಾಸ್ತಿ. ಈ ನಾಕು ಸಲ ಅನ್ನೋ ಮಾತು ಆಮೇಲೆ ನನ್ನ ಹಿಂದೇನೇ ಬಿತ್ತು, ಅದನ್ನ ಆಮೇಲೆ ಯೋಳ್ತೀನಿ.

ಅಕ್ಕ ಅಂದ್ರೆ ನಮ್ಮ ದೊಡ್ಡವ್ವನ ಮಗಳು. ಅವರೂರು ಮಾಂಬಳ್ಳಿ, ನಾನು ಆವತ್ತು ಉಣ್ತಿದ್ದಿದ್ದು ಅವರ ಮನೇಲೇ. ಮನೇಲೇ ಹುಳ ಸಾಕಿ, ಹಿಂದ್ಗಡೆ ಎರಡು ಚರಕ ಇಟ್ಕಂಡು ರೇಷ್ಮೆಗೂಡು ಬೇಯಿಸಿ ನೂಲು ತೆಗೀತಾರೆ. ಆ ವಾಸನೆ ಒಂದು ಸಲ ಮೂಗಿಗೆ ಒಕ್ಕಂಡ್ರೆ ಮೂರು ದಿನ ಏನ್ ತಿಂದ್ರೂ ಗೂಡಿನ ಸಾರೇ. ನಮ್ದು ಶಾಗ್ಯ. ಅಕ್ಕ ಕೊಳ್ಳೇಗಾಲದಲ್ಲಿ ಡಿಗ್ರಿ ಕೊನೇ ವರ್ಷ, ನಾನು ಅಲ್ಲೇ ಫಸ್ಟ್ ಪಿಯುಸಿ. ಆದ್ರೆ ಕಂಪ್ಯೂಟರ್ ವಿಷ್ಯದಲ್ಲಿ ನಮ್ಮ ನೆಂಟರೆಲ್ಲಾ ನನ್ನನ್ನೇ ಕೇಳೋದು. ಕಾರಣ ಐತೆ. ಒಂದಿನ ನಾನು ಕಲ್ಯಕ್ಕೆ ಓಯ್ತಿದ್ದ ಕಂಪ್ಯೂಟರ್ ಸೆಂಟರಲ್ಲಿ ಮಾನಿಟರ್ ಕಪ್ಪಾಗಿ ಕುಂತುಬುಡ್ತು. ಹನ್ನೊಂದು ಜನ ಸುತ್ತ ನಿಂತು ನೋಡ್ತಾವ್ರೆ. ನಾನು ಬಗ್ಗಿ, ಸಡಿಲ ಆಗಿದ್ದ ಪ್ಲಗ್ಗನ್ನ ಒಳಕ್ಕೆ ತಳ್ಳಿದೆ. ನಾನು ಬಗ್ಗಿದ್ದೇ ಬಿದ್ದೋದ ಪೆನ್ನು ತಕ್ಕಳಕೆ. ಅದು ಯಾರಿಗೂ ಗೊತ್ತಿಲ್ಲ. ಆವತ್ತಿಂದ ನಾನು ಪಂಡಿತ.

ಈಗ ಅಕ್ಕನ ಕಷ್ಟ ಏನು ಅಂದ್ರೆ, ಅವಳ ಪ್ರಾಜೆಕ್ಟು. ರೇಷ್ಮೆ ಹುಳದ ಮೇಲೆ ಒಂದು ಪ್ರೋಗ್ರಾಂ ಬರ್ದಿದ್ಲು. ಮರಿಹುಳ ಮನೆಗೆ ತಂದ ತಾರೀಕು ಕೊಟ್ರೆ ಸಾಕು, ಯಾವತ್ತು ಮೇವು ಬುಟ್ಟು ಪೊರೆ ಕಳಚಕ್ಕೆ ಮೊದಲನೇ ಜ್ವರಕ್ಕೆ ಕೂರ್ತವೆ, ಯಾವತ್ತು ಎರಡನೇ ಜ್ವರ, ಯಾವತ್ತು ಹಣ್ಣಾಗಿ ಗೂಡು ಕಟ್ಟಕ್ಕೆ ಬಿದಿರಿನ ಚಂದ್ರಿಕೆ ತಟ್ಟೆಗೆ ಏರಿಸ್ಬೇಕು, ಎಲ್ಲಾ ಯೋಳ್ತದೆ. ಪರ್ಲ್ ಅಂತ ಒಂದು ಭಾಷೆ, ಅದ್ರಲ್ಲಿ ಬರ್ದಿದ್ಲು. ಕಾಲೇಜು ಲ್ಯಾಬಲ್ಲಿ ಚೆನ್ನಾಗೇ ಓಡ್ತಿತ್ತು. ಅಷ್ಟರಲ್ಲಿ ದಸರಾ ರಜ ಬಂತು, ಲ್ಯಾಬಿಗೆ ಬೀಗ ಬಿತ್ತು. ಲೆಕ್ಚರರು ಇವಳ ಕೈಯಲ್ಲಿ ನಾಕು ತಿದ್ದುಪಡಿ ಕೊಟ್ಟು, "ವಿಜಯದಶಮಿ ಮಾರನೇ ದಿನ ಪ್ರೋಗ್ರಾಂ ಓಡ್ಸಿದ ಪ್ರಿಂಟು ಸಮೇತ ಪುಸ್ತಕ ತಕಂಡ್ಬಾ, ಹೊರಗಿನ ಎಕ್ಸಾಮಿನರ್ ಬತ್ತಾರೆ" ಅಂದ್ಬುಟ್ಟು ಊರಿಗೋದ್ರು. ಆವತ್ತು ಪ್ರಿಂಟು ಇಲ್ಲ ಅಂದ್ರೆ ಪ್ರಾಜೆಕ್ಟೂ ಇಲ್ಲ. ಮುಂದಿನ ವರ್ಷ ಜೂನಿಯರ್ ಉಡ್ಗೀರ ಜೊತೆ ಮತ್ತೆ ಕೂರ್ಬೇಕು.

ಊರಲ್ಲಿ ಬೇರೆ ಕಡೆ ಪರ್ಲ್ ಓಡ್ಸೋ ಕಂಪ್ಯೂಟರ್ ಎಲ್ಲೈತೆ? ನಮ್ಮ ಸೆಂಟರಲ್ಲಿ ಐತೆ. ಮೂರನೇ ನಂಬರ್. ಅದ್ರಲ್ಲಿ ನಾನೇ ಒಂದು ಸೀಡಿಯಿಂದ ಲಿನಕ್ಸ್ ಅಂತ ಬೇರೆ ತರದ ಸಿಸ್ಟಮ್ಮು ಆಕಿದ್ದೆ. ಆದ್ರೆ ಅದ್ರೊಳಗಿದ್ದ ಪರ್ಲ್ ಅಳೇದು. ಅಕ್ಕನ ಪ್ರೋಗ್ರಾಂ ಕೊಟ್ರೆ ಮೂತಿ ತಿರುಗಿಸ್ತಿತ್ತು. ಹೊಸ ಪರ್ಲಿನ ಸೋರ್ಸು ಸೀಡೀಲಿ ಇತ್ತು, ಅದನ್ನ ಕಂಪೈಲ್ ಮಾಡಿ ಕೂರಿಸ್ಬೇಕು. ಅಷ್ಟೇಯ.

ಈ ಕಂಪೈಲ್ ಅಂದ್ರೆ ಏನು ಅಂತ ದೊಡ್ಡಪ್ಪ ಕೇಳ್ದ. ನಾನು ಕೈ ನೆಕ್ಕಂಡು ಯೋಳ್ದೆ. "ದೊಡ್ಡಪ್ಪ, ನಮ್ಮ ಹನೂರು ಸಂತೇಲಿ ತಮಿಳ್ನೋರು ಬಂದಾಗ ನಡುವೆ ಒಬ್ಬ ನಿಂತ್ಕಂಡು ಅವರ ತಮಿಳ್ನ ಕನ್ನಡ ಮಾಡ್ತನಲ್ಲಾ, ಈ ಪರ್ಲ್ ಅನ್ನೋ ಇಂಟರ್‌ಪ್ರಿಟರೂ ಅಂಗೇಯ. ಅಕ್ಕ ಬರ್ದಿದ್ದನ್ನ ಕಂಪ್ಯೂಟರಿಗೆ ತಿಳಿಯಂಗೆ ಯೋಳೋನು."

"ಅಂಥೋನು ಸಂತೇಲಿ ಬೇಕಾದಷ್ಟು ಜನ ಅವ್ರಲ್ಲ. ಒಬ್ಬನ್ನ ಕರ್ಕಂಡ್ ಬಂದ್ರಾಯ್ತು."

"ರೆಡಿಯಾಗಿರೋನು ಸಿಕ್ಕಕಿಲ್ಲ ದೊಡ್ಡಪ್ಪ. ನಮ್ಮ ಕೈಲಿರೋದು ಸೋರ್ಸು. ಅಂದ್ರೆ ಅವ್ನನ್ನ ನಾವೇ ಹುಟ್ಟಿಸಿ, ಅನ್ನ ಇಕ್ಕಿ, ದೊಡ್ಡೋನ್ ಮಾಡಿ, ಎರಡು ಭಾಷೆ ಕಲ್ಸಿ ಸಂತೇಲಿ ನಿಲ್ಲಿಸ್ಬೇಕು."

"ಎರಡು ನಿಮಿಷದಾಗೆ?" ಅಂದ ದೊಡ್ಡಪ್ಪ.

ನಾನು ಮಜ್ಜಿಗೆ ಕೇಳ್ದೆ.

ಆಯುಧಪೂಜೆಗೆ ಇನ್ನೂ ಎರಡು ದಿನ ಇತ್ತು. ಅಕ್ಕ ಪುಸ್ತಕ ಬರ್ಯೋದು ಬಾಕಿ ಇದ್ದುದ್ರಿಂದ ಮಾಂಬಳ್ಳೀಲೇ ಉಳ್ಕಂಡ್ಲು. ನಾನು ಬೆಳಿಗ್ಗೆನೇ ಕೊಳ್ಳೇಗಾಲದ ಬಸ್ಸತ್ತಿದೆ.

ನಮ್ಮ ಸೆಂಟರ್ ಇದ್ದಿದ್ದು ಬಸ್ ಸ್ಟ್ಯಾಂಡ್ ಹಿಂದ್ಗಡೆ, ಒಂದು ಟೈರ್ ಅಂಗಡಿ ಮ್ಯಾಲೆ. ಕೆಳಗೆ ಟೈರಿಗೆ ಗಾಳಿ ಒಡೀತಿದ್ರೆ ಮ್ಯಾಲೆ ನಮ್ಮ ಕೀಬೋರ್ಡು ಕುಣಿಯೋದು. ಒಟ್ಟು ನಾಕು ಕಂಪ್ಯೂಟರು. ಚಪ್ಪಲಿ ಮೆಟ್ಟಲ ಕೆಳಗೇ ಬುಡ್ಬೇಕು. ಸೆಂಟರ್ ನಡೆಸ್ತಿದ್ದ ಸಾ ಮುಳ್ಳೂರಿನೋರು, ಅಣೆ ತುಂಬ ಮೂರು ಬೆರಳು ಇಬೂತಿ. ಕಂಪ್ಯೂಟರಿಗೆ ದಿನಾ ಊದುಬತ್ತಿ ಅಚ್ಚೋರು. ಒಳ್ಳೇ ಮನುಸ, ಆದ್ರೆ ಲಿನಕ್ಸ್ ಕಂಡ್ರೆ ಆಗ್ತಿರಲಿಲ್ಲ. ಕಪ್ಪು ಪರದೆ ಮ್ಯಾಲೆ ಬಿಳಿ ಅಕ್ಷರ ಓಡ್ತಿದ್ರೆ ಯಾರೋ ಮಾಟ ಮಾಡ್ಸವ್ರೆ ಅನ್ನಂಗೆ ನೋಡೋರು.

"ಲೇ ಮಗ, ಬಣ್ಣ ಎಲ್ಲೋಯ್ತ್ಲಾ?" ಅಂದ್ರು ಆವತ್ತೂ.

"ಬಣ್ಣ ಬೇಡ ಸಾ ಇದ್ಕೆ. ದೊಡ್ಡ ಕೆಲ್ಸ."

"ದೊಡ್ಡ ಕೆಲ್ಸಕ್ಕೇ ಅಲ್ವಾ ಬಣ್ಣ ಬೇಕಾಗದು" ಅಂದ್ಬುಟ್ಟು ಓದ್ರು.

ನಾನು ಗಂಟು ಬಿಚ್ಚಿದೆ. ಸೋರ್ಸು ಅನ್ನೋದು ಒಂದೇ ಗಂಟಾಗಿ ಬಂದಿರ್ತದೆ. ಬಿಚ್ಚಿದ್ರೆ ಸಾವಿರಾರು ಫೈಲು ಒಳಗಿಂದ ಉದ್ರುತವೆ. ಆಮೇಲೆ ಅದು ಮೊದ್ಲು ನಮ್ಮನ್ನ ಪ್ರಶ್ನೆ ಕೇಳಕ್ಕೆ ಶುರು ಮಾಡ್ತು. ಬೇರೆ ಸಾಫ್ಟ್‌ವೇರು ಇಂಗೆ ಮಾಡಕಿಲ್ಲ, ಪರ್ಲಿಗೆ ಮಾತ್ರ ಈ ಚಟ. ಹೆಣ್ಣು ನೋಡಕ್ಕೆ ಬಂದ ಸ್ವಾದರತ್ತೆ ತರ. ಮಿಷಿನ್ ಯಾವ್ದು? ಎಲ್ಲಿ ಕೂರಿಸ್ಬೇಕು? ಮನೇಲಿ ಯಾವ ಕಂಪೈಲರ್ ಅದೆ? ಅದು ಆರೋಗ್ಯವಾಗೈತಾ? ಈ ಲೈಬ್ರರಿ ಐತಾ? ಆ ಲೈಬ್ರರಿ ಯಾಕಿಲ್ಲ? ನಿಮ್ಮ ಇಮೇಲ್ ಏನು? ಅಲ್ಲ, ಹೆಣ್ಣು ಹಾಡಕ್ಕೆ ಬತ್ತದಾ ಅಂತ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಕೇಳ್ತು. ಪುಣ್ಯಕ್ಕೆ ಪ್ರತಿ ಪ್ರಶ್ನೆಗೂ ಉತ್ತರಾನ ಅದೇ ಪಕ್ಕದಲ್ಲಿ ಬರ್ದಿರ್ತದೆ, ನಾವು ಎಂಟರ್ ಒತ್ತಿ ಹೂಂ ಅಂದ್ರಾಯ್ತು. ನಾನು ಇನ್ನೂರು ಸಲ ಹೂಂ ಅಂದೆ. ಸಾವಿರ ಸಲ ಅಂತ ಕಾಲೇಜಲ್ಲಿ ಯೋಳಿದೀನಿ, ನೀವು ಅಷ್ಟೇ ಅನ್ಕಳಿ.

ಆಮೇಲೆ 'ಮೇಕ್' ಅಂತ ಒಂದೇ ಮಾತು ಒತ್ತಿದೆ. ಒಲೆ ಅಚ್ಚಿದಂಗೆ. ಒಂದೊಂದೇ ಫೈಲು ತಕಂಡು ಬೇಯಿಸ್ಕಂಡು ಓಯ್ತಾ ಇತ್ತು. ಮೂರನೇ ನಂಬರ್ ಬಲು ಮುದಿ ಮಿಷಿನ್ನು. ಒಂದು ಫೈಲು ಬೇಯೋದ್ರೊಳಗೆ ಕೆಳಗೆ ಒಂದು ಲಾರಿ ಟೈರಿಗೆ ಪೂರ್ತಿ ಗಾಳಿ ತುಂಬೋರು. ಎಲ್ಲಾ ಸೇರಿ ಮೂರು ಗಂಟೆ ಮ್ಯಾಲೇ ಇಡೀತದೆ ಅಂತ ಅರ್ಥ ಆಯ್ತು. ನಮ್ಮ ಕೊಳ್ಳೇಗಾಲದಾಗೆ ಆಗ ಕರೆಂಟು ಒಂದೇ ಸಮ ಎರಡು ಗಂಟೆ ನಿಂತ್ರೆ ಜನ ಆಚೆ ಬಂದು ಒಬ್ಬರನ್ನೊಬ್ಬರು ವಿಚಾರಿಸ್ಕಳೋರು.

ಮೇಕ್ ಒತ್ತಿ ಒಂದೂಮುಕ್ಕಾಲು ಗಂಟೆಗೆ ಕರೆಂಟು ಓಯ್ತು. ಯುಪಿಎಸ್ಸು ಕುಯ್ ಕುಯ್ ಅಂತ ನಾಯಿಮರಿ ತರ ಅತ್ತು, ಒಂದು ಬೀಡಿ ಸೇದೋಷ್ಟು ಒತ್ತೂ ನಿಲ್ದೆ ಸತ್ತೋಯ್ತು.

ಈಗ ನನ್ನ ತಪ್ಪು. ಇದನ್ನ ನಾನು ಇದುವರೆಗೂ ಯಾರಿಗೂ ಪೂರ್ತಿ ಯೋಳಿಲ್ಲ.

ನಮ್ಮಜ್ಜಿ ಒಲೆ ಮುಂದೆ ಕುಂತ್ಕಂಡು ಒಂದು ಕಾನೂನು ಮಾಡಿತ್ತು. ಮುದ್ದೆಗೆ ಇಟ್ಟು ಬೇಯ್ತಾ ಇರೋವಾಗ ಒಲೆ ಆರೋಯ್ತು ಅನ್ನಿ, ಮತ್ತೆ ಅಚ್ಚಿ ಬೇಯಿಸಂಗಿಲ್ಲ. ಅರೆಬೆಂದಿದ್ದು ಗಂಟುಗಂಟಾಗ್ತದೆ, ತಿಂದೋರಿಗೆ ಒಟ್ಟೆನೋವು. ಎಮ್ಮೆಗೆ ಸುರಿ, ಪಾತ್ರೆ ತೊಳಿ, ಒಸ ನೀರಿಕ್ಕು. ನಮ್ಮನೇಲಿ ಎಮ್ಮೆ ಅಷ್ಟು ದಪ್ಪ ಆಗಿದ್ದೇ ಈ ಕಾನೂನಿಂದ. ನಾನು ಇಷ್ಟೆಲ್ಲಾ ಇಂಗ್ಲಿಷ್ ಪುಸ್ತಕ ಓದಿದೋನು, ಕರೆಂಟು ಬಂದು ಮಿಷಿನ್ ಎದ್ದ ತಕ್ಷಣ ಏನು ಮಾಡ್ದೆ ಗೊತ್ತಾ? ಅರೆಬೆಂದ ಫೋಲ್ಡರನ್ನ ಪೂರ್ತಿ ಅಳಿಸ್ಬುಟ್ಟೆ. ಪಾತ್ರೆ ತೊಳ್ದಂಗೆ. ಮತ್ತೆ ಗಂಟು ಬಿಚ್ಚಿದೆ. ಮತ್ತೆ ಸ್ವಾದರತ್ತೆ ಬಂದ್ಲು. ಮತ್ತೆ ಇನ್ನೂರು ಸಲ ಹೂಂ.

ಎರಡನೇ ಸಲ ಒಂದೂವರೆ ಗಂಟೆಗೆ ಕರೆಂಟ್ ಓಯ್ತು. ತೊಳ್ದೆ. ಅಷ್ಟೊತ್ತಿಗೆ ಸೆಂಟರ್ ಬಾಗ್ಲಾಕೋ ಟೈಮಾಯ್ತು.

ಸಾಯಂಕಾಲ ಪಕ್ಕದ ಎಸ್‌ಟಿಡಿ ಬೂತಿಂದ ಅಕ್ಕಂಗೆ ಫೋನ್ ಮಾಡ್ದೆ. ಅವರ ಪಕ್ಕದ ಮನೆಗೆ ಫೋನು, ಅಲ್ಲಿಂದ ಕೂಗಿ ಕರೀಬೇಕು.

"ಆಯ್ತೇನ್ಲಾ?"

"ತೊಂಬತ್ತೊಂಬತ್ತು ಪರ್ಸೆಂಟ್ ಆಗೈತೆ ಕಣಕ್ಕ. ಒಂದೇ ಒಂದು ಪರ್ಸೆಂಟು."

"ಎರಡು ನಿಮಿಷ ಅಂದಿದ್ದೆ."

"ಮೊದಲನೇ ನಿಮಿಷ ಆಯ್ತು."

ಮಾರನೇ ದಿನ ಮೂರನೇ ಸಲ. ಇದಂತೂ ಎರಡೂಮುಕ್ಕಾಲು ಗಂಟೆ ನಡೀತು. ನಾನು ಉಸಿರು ಬುಡದೆ ಕುಂತಿದ್ದೆ. ಇನ್ನೇನು ಬೆಂದೇ ಬುಡ್ತು ಅನ್ನೋವಾಗ ಕೆಳಗಿನ ಅಂಗಡಿಯೋನು ವೆಲ್ಡಿಂಗ್ ಇಟ್ಟ. ಬೀದಿಗೇ ಫ್ಯೂಸ್. ನಾನು ಎದ್ದೋಗಿ ಕಿಟಕೀಲಿ ನಿಂತ್ಕಂಡು ಒಂದು ಒತ್ತು ಬಸ್ಸು ನೋಡ್ದೆ. ಬಂದು ತೊಳ್ದೆ. ನಾಕನೇ ಸಲ ಮುಕ್ಕಾಲೇ ಗಂಟೆ. ತೊಳ್ದೆ. ತೊಳ್ದು ತೊಳ್ದು ಪಾತ್ರೆ ಸವೀತೇ ವಿನಾ ಮುದ್ದೆ ಬೇಯ್ಲಿಲ್ಲ.

ಸಾಯಂಕಾಲದ ಫೋನಿಗೆ, "ತೊಂಬತ್ತೊಂಬತ್ತೂವರೆ" ಅಂದೆ.

"ನಾಳೆ ನಾನೇ ಬತ್ತೀನಿ" ಅಂದು ಅಕ್ಕ ಫೋನ್ ಇಟ್ಲು. ನಂಗೆ ಆವತ್ತು ಮೊದಲನೇ ಸಲ ಭಯ ಆಯ್ತು. ಅಲ್ಲಿವರೆಗೂ ಓಗೋದು ನನ್ನ ಮಾನ ಅಂದ್ಕಂಡಿದ್ದೆ. ನನ್ನ ಮಾನ ಆವಾಗಾವಾಗ ಓಯ್ತಾ ಬತ್ತಾ ಇರ್ತದೆ, ನಂಗೆ ಅಭ್ಯಾಸ. ಈ ಸಲ ಓಗೋದು ಅಕ್ಕನ ಒಂದು ವರ್ಷ.

ನಾಳೆ ಅಂದ್ರೆ ಆಯುಧಪೂಜೆ. ಸಾ ಮೊದ್ಲೇ ಯೋಳಿದ್ರು, ರಾಹುಕಾಲ ಬರೋಕೆ ಮುಂಚೆ ಸಾಯಂಕಾಲ ಪೂಜೆ, ಪೂಜೆ ಆದ್ಮೇಲೆ ಕಂಪ್ಯೂಟರ್ ಮುಟ್ಟಂಗಿಲ್ಲ, ವಿಜಯದಶಮಿ ಇಡೀ ದಿನ ರಜ. ಅದ್ರ ಮಾರನೇ ದಿನ ಬೆಳಿಗ್ಗೆನೇ ಎಕ್ಸಾಮಿನರ್. ಅಂದ್ರೆ ನಾಳೆ ಸಾಯಂಕಾಲದೊಳಗೆ ಪ್ರಿಂಟು ಬಂದ್ರೆ ಬಂತು.

ಬೆಳಿಗ್ಗೆ ಅಕ್ಕ ಬಂದ್ಲು. ಕೈಲಿ ಪುಸ್ತಕ, ಫ್ಲಾಪಿ, ಟಿಫನ್ ಕ್ಯಾರಿಯರ್. ನಾನು ಅಷ್ಟೊತ್ತಿಗೆ ಐದನೇ ಸಲ ಒಲೆ ಅಚ್ಚಿದ್ದೆ. ಅವಳು ಪಕ್ಕದ ಸ್ಟೂಲಲ್ಲಿ ಕುಂತ್ಕಂಡು ಪರದೆ ನೋಡಕ್ಕೆ ಶುರು ಮಾಡಿದ್ಲು. ಅಕ್ಕ ನೋಡೋದೇ ಅಂಗೆ, ಮಾತಾಡಕಿಲ್ಲ. ಚರಕದ ಮುಂದೆ ಕುಂತು ಕುಂತು ಓಡೋದನ್ನ ನೋಡೋ ಅಭ್ಯಾಸ. ಎರಡು ಗಂಟೆ ಆಯ್ತು. ಕರೆಂಟು ಓಯ್ತು.

ಒಂದು ಗಂಟೆ ಬುಟ್ಟು ಬಂತು. ಮಿಷಿನ್ ಎದ್ದು, ಪೊಲೀಸ್ನೋರು ಲಗೇಜು ತಡಕಿದಂಗೆ ಡಿಸ್ಕನ್ನೆಲ್ಲಾ ತಡಕಾಡಿ, ಕೊನೇಗೆ ದಾರಿ ಬುಡ್ತು. ನಾನು ಕೈ ಚಾಚಿ ಅಳಿಸೋ ಕಮಾಂಡ್ ಒಡೀತಿದ್ದೆ. ಅಕ್ಕ ನನ್ನ ಮಣಿಕಟ್ಟು ಇಡ್ಕಂಡ್ಲು.

"ಏನ್ ಮಾಡ್ತಿದೀಯ?"

"ತೊಳೀತಿದೀನಿ."

"ಏನನ್ನ?"

"ಅರೆಬೆಂದಿದ್ದನ್ನ. ಮತ್ತೆ ಮೊದ್ಲಿಂದ ಮಾಡ್ಬೇಕು."

"ಯಾರು ಯೋಳ್ದೋರು?"

ಅಜ್ಜಿ ಅನ್ನಕಾಗ್ತದಾ? "ಪುಸ್ತಕದಾಗೈತೆ" ಅಂದೆ.

"ಎರಡು ದಿನದಿಂದ ಇಂಗೇ ತೊಳ್ಕಂಡು ಕುಂತಿದೀಯ?"

"ನಾಕೇ ಸಲ."

ಅಕ್ಕ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿರೋದು. "ಲೇ, ಚರಕದಲ್ಲಿ ಎಳೆ ಕಿತ್ತೋದ್ರೆ ನಮ್ಮವ್ವ ಏನ್ ಮಾಡ್ತಾಳೆ? ಗೂಡನ್ನೆಲ್ಲಾ ತಿಪ್ಪೆಗೆ ಸುರೀತಾಳಾ? ತುದಿ ಹುಡುಕಿ ಸೇರಿಸ್ತಾಳೆ, ತಿರುಗಿಸ್ತಾಳೆ. ಸುತ್ತಿರೋ ನೂಲು ಎಲ್ಲೋಯ್ತದೆ? ಸುತ್ತಿರೋದು ಸುತ್ತಿರ್ತದೆ."

"ಇದು ನೂಲಲ್ಲಕ್ಕ, ಇದು..." ಅಂದೆ.

"ಒಳಗೆ ನೋಡು. ಬೆಂದಿರೋ ಫೈಲು ಐತಾ ಇಲ್ವಾ?"

ನೋಡ್ದೆ. ಸಾಲಾಗಿ ಅಂಗೇ ಕುಂತಿದ್ವು. ಮುಕ್ಕಾಲು ಪಾಲು ಬೆಂದು, ಬಸ್ಸು ಬಾರದೆ ಕಾದು ಕುಂತ ಜನದ ತರ. ಕೊನೇದು ಮಾತ್ರ ಸೊನ್ನೆ ಸೈಜು, ಕರೆಂಟು ಓದಾಗ ಬೇಯ್ತಾ ಇದ್ದಿದ್ದು.

"ಅದೊಂದು ಕೆಟ್ಟ ಗೂಡು. ಅದೊಂದನ್ನೇ ಎತ್ತಿ ಬಿಸಾಕು. ಆಮೇಲೆ ನಿನ್ನ ಆ ಮೇಕ್ ಇನ್ನೊಂದು ಸಲ ಒತ್ತು."

ಬಿಸಾಕ್ದೆ. ಒತ್ತಿದೆ. ಸ್ವಾದರತ್ತೆ ಬರಲಿಲ್ಲ. ಒಂದು ಪ್ರಶ್ನೆ ಇಲ್ಲ. ಬೆಂದಿದ್ದನ್ನ ತಿರುಗೂ ನೋಡ್ಲಿಲ್ಲ, ಬಿಟ್ಟಲ್ಲಿಂದ ಸೀದಾ ಮುಂದಕ್ಕೆ ಓಯ್ತು. ಆಮೇಲೆ ಪುಸ್ತಕ ತೆಗೆದು ನೋಡ್ದೆ. ಮೇಕ್ ಇರೋದೇ ಅದ್ಕಂತೆ. ಆಗಿರೋದನ್ನ ಬುಟ್ಟು ಆಗದೆ ಇರೋದನ್ನ ಮಾಡಕ್ಕೆ. ಮೊದಲನೇ ಪುಟದಲ್ಲೇ ಬರ್ದಿತ್ತು. ನಾನು ಮೊದಲನೇ ಪುಟ ಓದೋ ಜಾತಿಯೋನಲ್ಲ.

ಮಧ್ಯೆ ಇನ್ನೊಂದು ಸಲ ಕರೆಂಟ್ ಓಯ್ತು. ಆಗ ನಾವಿಬ್ಬರೂ ಚಿತ್ರಾನ್ನ ತಿಂತಾ ಇದ್ವು. ಅಕ್ಕ ತಲೆ ಎತ್ತಲಿಲ್ಲ. ಬಂತು, ತುದಿ ಹುಡುಕಿದ್ವು, ಸೇರಿಸಿದ್ವು.

ಇನ್ನೊಂದು ಅರ್ಧ ಗಂಟೆ ಕೆಲ್ಸ ಇದೆ ಅನ್ನೋವಾಗ ಸಾ ಮೆಟ್ಟಲತ್ತಿ ಬಂದ್ರು. ಒಂದು ಕೈಲಿ ಬೂದುಗುಂಬಳಕಾಯಿ, ಇನ್ನೊಂದು ಕೈಲಿ ಚೆಂಡು ಹೂವಿನ ಹಾರ, ಬಗಲಲ್ಲಿ ನಿಂಬೆಹಣ್ಣಿನ ಚೀಲ, ಮೂರು ಗೆರೆ ಇಬೂತಿ ಆವತ್ತು ಒಸದಾಗಿ ಇಟ್ಕಂಡು ಪಳಪಳ ಅಂತಿದ್ರು.

"ಆರಿಸ್ಲಾ. ರಾಹುಕಾಲಕ್ಕೆ ಮುಂಚೆ ಮುಗೀಬೇಕು."

"ಸಾ, ಅರ್ಧ ಗಂಟೆ."

"ರಾಹು ನಿಮ್ಮ ಮಾವನಾ ಕಾಯಕೆ?"

"ಸಾ, ಅಕ್ಕನ ಪ್ರಾಜೆಕ್ಟು. ಇವತ್ತು ಪ್ರಿಂಟು ಬರ್ಲಿಲ್ಲ ಅಂದ್ರೆ ಒಂದು ವರ್ಷ ಓಯ್ತದೆ."

ಸಾ ಅಕ್ಕನ ಕಡೆ ನೋಡಿದ್ರು. ಕುಂಬಳಕಾಯಿ ಕೆಳಕ್ಕಿಟ್ರು. ಕರುಣೆ ಬಂತು, ಆದ್ರೆ ಶಾಸ್ತ್ರ ಬುಡ್ಲಿಲ್ಲ. "ನೋಡು ತಾಯಿ, ಇದು ಆಯುಧ. ನೇಗ್ಲು, ಕುಡ್ಲು ಇದ್ದಂಗೆ. ಇವತ್ತು ಅದ್ಕೆ ಬಿಡುವು. ಕುಡ್ಲಿಗೆ ಕುಂಕುಮ ಇಕ್ಕಿ, ಅದೇ ಕೈಲಿ ಉಲ್ಲು ಕೊಯ್ತಾರಾ? ನಮ್ಮಪ್ಪ ಕಂಡಿದ್ರೆ ನನ್ನನ್ನೇ ಕೊಯ್ಯೋರು."

ನಾನು ಬಾಯಿ ತೆಗೆದೆ. ಅಕ್ಕ ನನ್ನ ಕಾಲು ತುಳಿದ್ಲು. ಕಿಟಕಿ ಕಡೆ ಕೈ ತೋರ್ಸಿ ಮೆತ್ತಗೆ ಕೇಳಿದ್ಲು. "ಸಾ, ಕೆಳಗೆ ಆ ಲಾರಿಗೆ ಈಗ ತಾನೆ ಪೂಜೆ ಮಾಡಿದ್ರಲ್ಲ. ಪೂಜೆ ಆದ್ಮೇಲೆ ಅದನ್ನ ನಿಲ್ಲಿಸಿದ್ರಾ, ಓಡ್ಸಿದ್ರಾ?"

ಸಾ ಕಿಟಕಿಗೋಗಿ ನೋಡಿದ್ರು. ಕೆಳಗೆ ಲಾರಿ ನಿಂಬೆಹಣ್ಣಿನ ಮ್ಯಾಲೆ ಚಕ್ರ ಅತ್ತಿಸ್ಕಂಡು ಪಾಂ ಅಂತ ಮುಂದಕ್ಕೋಯ್ತು.

"ಅದು ಗಾಡಿ ತಾಯಿ."

"ಇದೂ ಗಾಡಿನೇ ಸಾ" ಅಂದೆ ನಾನು. "ಸೌಂಡ್ ಬತ್ತದೆ. ಬಿಸಿ ಆಯ್ತದೆ. ಒಳಗೆ ಫ್ಯಾನ್ ಐತೆ. ದಾರೀಲಿ ಕೆಟ್ಟು ನಿಲ್ತದೆ. ಇನ್ನೇನ್ ಬೇಕು?"

"ಚಕ್ರ ಎಲ್ಲೈತ್ಲಾ?"

ನಾನು ಮೌಸನ್ನ ಅಂಗಾತ ಮಾಡಿ ಅಡಿಯಲ್ಲಿದ್ದ ರಬ್ಬರ್ ಗುಂಡು ತೋರ್ಸಿದೆ. ಸಾ ಕನ್ನಡಕ ಸರಿ ಮಾಡ್ಕಂಡು, ಬೆರಳಲ್ಲಿ ಗುಂಡನ್ನ ತಿರುಗಿಸಿ ನೋಡಿದ್ರು. ತಿರುಗ್ತು.

"ಒಂದೇ ಐತೆ."

"ತಳ್ಳೋಗಾಡಿ ಸಾ. ಸಿಮೆಂಟ್ ತಳ್ಳಕಿಲ್ವಾ, ಅದ್ಕೂ ಒಂದೇಯ."

ಸಾ ಬಾಳ ಒತ್ತು ಯೋಚ್ನೆ ಮಾಡಿದ್ರು. ಅಣೇಲಿ ಮೂರು ಗೆರೆ ಆರಾದ್ವು. ಎಂಟು ವರ್ಷದಿಂದ ಅವರು ಕಂಪ್ಯೂಟರ್ನ ಕುಡ್ಲು ಅನ್ಕಂಡೇ ಪೂಜೆ ಮಾಡ್ಕಂಡು ಬಂದೋರು, ಒಂದೇ ದಿನಕ್ಕೆ ಗಾಡಿ ಅನ್ನಿ ಅಂದ್ರೆ ಸುಮ್ನೆ ಆಯ್ತದಾ? ಕೊನೇಗೆ ತೀರ್ಪು ಕೊಟ್ರು. ಒಂದು, ಎರಡು, ನಾಕು ಇವು ಕುಡ್ಲು, ಆರಿಸ್ಬೇಕು. ಮೂರನೇದು ಗಾಡಿ, ಓಡ್ಲಿ. ಆದ್ರೆ ಪೂಜೆ ಆಗೋವರೆಗೂ ಯಾರೂ ಕೀಬೋರ್ಡ್ ಮುಟ್ಟಂಗಿಲ್ಲ. "ಮತ್ತೆ, ಗಾಡಿ ಅಂದ್ಮೇಲೆ ಗಾಡಿ. ನಿಂಬೆಹಣ್ಣು ಅತ್ತಿಸ್ಬೇಕು."

ಪೂಜೆ ಶುರು ಆಯ್ತು. ಮೂರನೇ ನಂಬರ್ ಮಾನಿಟರಿಗೆ ಹಾರ ಆಕಿದ್ರು. ಚೆಂಡು ಹೂವಿನ ಸಂದೀಲಿ ಅಕ್ಷರ ಓಡ್ತಾ ಇದ್ವು. ಕೀಬೋರ್ಡಿಗೆ ಕುಂಕುಮ, ಸ್ಪೇಸ್ ಬಾರಿಗೆ ಇಬೂತಿ ಮೂರು ಗೆರೆ. ಸಾಂಬ್ರಾಣಿ ಅಚ್ಚಿದ್ರು. ಫ್ಯಾನು ಎಳ್ಕಂತು. ಮುಂದ್ಗಡೆ ಎಳ್ಕಂಡು ಇಂದ್ಗಡೆ ಬುಡ್ತಾ ಇತ್ತು, ಮೂರನೇ ನಂಬರ್ ಬೀಡಿ ಸೇದೋ ಮುದುಕನಂಗೆ ಕಾಣ್ತು. ಸಾ ಕಣ್ಮುಚ್ಚಿ ಮಂತ್ರ ಯೋಳ್ತಾವ್ರೆ. ಅಕ್ಕ ಕೈ ಮುಗ್ದು ನಿಂತವ್ಳೆ, ಆದ್ರೆ ಕಣ್ಣು ದೇವರ ಮ್ಯಾಲಿಲ್ಲ, ತಲೆ ಮ್ಯಾಲಿದ್ದ ಬಲ್ಬಿನ ಮ್ಯಾಲೆ. ನಂಗೆ ಗೊತ್ತು, ಅವಳು ಕರೆಂಟಿಗೇ ಕೈ ಮುಗೀತಿದ್ಲು. ನಾನೂ ಅದ್ಕೇ ಮುಗ್ದೆ.

ಬಲ್ಬು ಒಂದು ಸಲ ಕಣ್ಣೊಡೀತು. ಓಗಲಿಲ್ಲ, ಉರೀತು.

ಆಮೇಲೆ ನಿಂಬೆಹಣ್ಣು. ಸಾ ಮೌಸಿನ ಮುಂದೆ ಒಂದು ದಪ್ಪಂದು ಇಟ್ರು. ಮೌಸಲ್ಲಿ ತಳ್ಳಿದ್ರೆ ಹಣ್ಣು ಉರುಳಿ ಮುಂದಕ್ಕೋಯ್ತು. ಮತ್ತೆ ಇಟ್ರು, ಮತ್ತೆ ಉರುಳ್ತು. ಮೇಜಿನ ಸುತ್ತ ಸಾ, ಸಾ ಮುಂದೆ ಮೌಸು, ಮೌಸಿನ ಮುಂದೆ ನಿಂಬೆಹಣ್ಣು. ವಯರು ಇದ್ದಷ್ಟು ದೂರ ಓದ್ರು. ಕೊನೇಗೆ ಸಿಟ್ಟು ಬಂದು, ಹಣ್ಣನ್ನ ಎರಡು ಓಳು ಮಾಡಿ, ಅದ್ರ ಮ್ಯಾಲೆ ಮೌಸಿಟ್ಟು ಅಂಗೈಲಿ ಅಮುಕಿದ್ರು. ಪಚಕ್ ಅಂತು. ಆ ಮೌಸು ದೀಪಾವಳಿವರೆಗೂ ಎಡಕ್ಕೆ ಮಾತ್ರ ಓಯ್ತಿತ್ತು.

ಮಂಗಳಾರತಿ ಗಂಟೆ ಅಲ್ಲಾಡಿಸ್ತಾ ಇರೋವಾಗ ಪರದೆ ಮ್ಯಾಲೆ ಓಡ್ತಿದ್ದ ಅಕ್ಷರ ನಿಂತ್ವು.

ಸಾ ಗಂಟೆ ನಿಲ್ಲಿಸಿದ್ರು. "ಸತ್ತೋಯ್ತೇನ್ಲಾ?"

"ಇಲ್ಲ ಸಾ. ಹುಟ್ತು."

"ಆರತಿ ತಕ್ಕಂಡು ಮುಟ್ಟು."

ತಕಂಡೆ. ಕೀಬೋರ್ಡ್ ಮುಟ್ಟಿದ್ರೆ ಬೆರಳೆಲ್ಲಾ ಕುಂಕುಮ. ಇದ್ದಿದ್ದು ಇನ್ನೊಂದೇ ಕಮಾಂಡು, ಪರ್ಲನ್ನ ಜಾಗಕ್ಕೆ ಕೂರಿಸೋದು. ಒಡೆದೆ. ಅಕ್ಕ ಫ್ಲಾಪಿ ಆಕಿದ್ಲು, ಅವಳ ಪ್ರೋಗ್ರಾಂ ಕೊಟ್ಲು. ಮರಿಹುಳ ತಂದ ತಾರೀಕು ಕೇಳ್ತು. ಅವರ ಮನೇಲಿ ಆ ಸಲ ತಂದಿದ್ದ ತಾರೀಕನ್ನೇ ಒಡೆದ್ಲು. ಮೊದಲನೇ ಜ್ವರ ಇಂಥ ದಿನ, ಎರಡನೇದು ಇಂಥ ದಿನ, ಚಂದ್ರಿಕೆಗೆ ಏರಿಸೋದು ಇಂಥ ದಿನ. ಅಕ್ಕ ಬೆರಳಲ್ಲಿ ಎಣಿಸಿ ನೋಡಿದ್ಲು. "ನಾಳಿದ್ದು ಮೂರನೇ ಜ್ವರ. ಸರಿಯಾಗೈತೆ. ಅವ್ವನೂ ಅದೇ ಅಂದಿದ್ಲು" ಅಂದ್ಲು. ಅಷ್ಟೆ. ನಾನು ಕುಣೀತಾಳೆ ಅನ್ಕಂಡಿದ್ದೆ. ಸ್ಟೂಲಲ್ಲಿ ಕುಂತು ಒಂದು ಉದ್ದ ಉಸಿರು ಬುಟ್ಲು. ನಾನು ಪ್ರಿಂಟರಿಗೆ ಕಾಗ್ದ ಏರಿಸ್ದೆ.

ಪ್ರಿಂಟರು ಗಾಡಿನಾ ಕುಡ್ಲಾ ಅಂತ ಸಾ ಕೇಳಲಿಲ್ಲ. ರಾಹುಕಾಲಕ್ಕೆ ಎರಡು ನಿಮಿಷ ಇತ್ತು. ಅಷ್ಟರಲ್ಲಿ ಎಂಟು ಆಳೆ ಕರಕರಕರ ಅಂತ ಅಚ್ಚಾಗಿ ಬಂದ್ವು. ಅದ್ಕೇ ನಾನು ಈಗ್ಲೂ ವಾದ ಮಾಡೋದು, ನಾನು ಯೋಳಿದ್ದ ಎರಡು ನಿಮಿಷ ಇದೇ ಅಂತ. ಯಾವ ಎರಡು ನಿಮಿಷ ಅಂತ ನಾನು ಮೊದ್ಲು ಯೋಳಿರಲಿಲ್ಲ.

ಮಾರನೇ ದಿನ ಬುಟ್ಟು ಮಾರನೇ ದಿನ ನಾನೂ ಕಾಲೇಜಿಗೋದೆ. ಲ್ಯಾಬ್ ಆಚೆ ಬೇವಿನ ಮರದಡಿ ಒಂದು ಇಪ್ಪತ್ತು ಜನಕ್ಕೆ, ಈ ಪ್ರಾಜೆಕ್ಟಿಗೆ ಪರ್ಲ್ ಕಂಪೈಲ್ ಮಾಡಿದ್ದು ನಾನು, ಎರಡು ನಿಮಿಷದಾಗೆ, ಅಂತ ಬುಡ್ತಾ ಇದ್ದೆ. ಒಳಗೆ ಅಕ್ಕನ ಸರದಿ. ಬಾಗ್ಲು ತೆಗೆದಿತ್ತು, ಕೇಳಿಸ್ತಿತ್ತು.

ಎಕ್ಸಾಮಿನರ್ ಪ್ರಿಂಟಿನ ಆಳೆ ತಿರುವಿ ಹಾಕಿದ್ರು. "ಏನಮ್ಮಾ ಇದು ಕೆಂಪಗೆ?"

"ಕುಂಕುಮ ಸಾ."

"ಈ ಅಳದಿ ಕಲೆ?"

"ನಿಂಬೆಹಣ್ಣು ಸಾ."

ಆಮೇಲೆ ಹುಳದ ಜ್ವರದ ಬಗ್ಗೆ, ಪ್ರೋಗ್ರಾಂ ಬಗ್ಗೆ ಏನೇನೋ ಕೇಳಿದ್ರು, ಅಕ್ಕ ಎಲ್ಲಾದಕ್ಕೂ ತಡವರಿಸ್ದೆ ಯೋಳಿದ್ಲು. ಕೊನೇಗೆ ಅವರು ಪುಸ್ತಕದ ಮೊದಲ್ನೇ ಪುಟಕ್ಕೆ ಬಂದ್ರು, ಉಪಕಾರ ಸ್ಮರಣೆ ಪುಟ. ಅಲ್ಲಿ ಓದಿ ಒಂದು ಕಡೆ ನಿಲ್ಲಿಸಿದ್ರು.

"ಲೆಕ್ಚರರಿಗೆ ವಂದನೆ, ಸರಿ. ತಂದೆ ತಾಯಿಗೆ, ಸರಿ. ಕಂಪ್ಯೂಟರ್ ಸೆಂಟರ್ನೋರಿಗೆ, ಸರಿ. ಇದೇನಮ್ಮ, 'ನಾಕು ಸಲ ಪಾತ್ರೆ ತೊಳೆದುಕೊಟ್ಟ ನನ್ನ ತಮ್ಮನಿಗೆ'? ಪ್ರಾಜೆಕ್ಟಿಗೂ ಪಾತ್ರೆಗೂ ಏನು ಸಂಬಂಧ?"

"ಮನೆ ಕೆಲಸ ಸಾ" ಅಂದ್ಲು ಅಕ್ಕ. "ಅವನು ತೊಳೀತಿದ್ದ, ನಾನು ಪ್ರಾಜೆಕ್ಟ್ ಮಾಡಿದೆ."

"ಒಳ್ಳೇ ಹುಡುಗ" ಅಂದು ಸೈನ್ ಹಾಕಿದ್ರು.

ಬೇವಿನ ಮರದಡಿ ಇಪ್ಪತ್ತು ಜನವೂ ನನ್ನ ಕಡೆ ತಿರುಗಿದ್ರು. ನಾನು ಬಗ್ಗಿ, ಬೀಳದೇ ಇದ್ದ ಪೆನ್ನು ಹುಡುಕಕ್ಕೆ ಶುರು ಮಾಡ್ದೆ.